ಸಾಗರ ಪೇಟೆಯ ಒಂದು ಫಿಸಿಯೋಥೆರಪಿ ಕ್ಲಿನಿಕ್: ಸೊಂಟ ನೋವಿಗೆ ಹೋಗಿ ಬಂದವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ: ಈ ಕ್ಲಿನಿಕ್ಕಿಗೆ ಕೊಟ್ಟ ದುಡ್ಡು ಒಂದು ರೂಪಾಯಿಯೂ ದಂಡವಾಗಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಯಾಕೆ ಕೊಡಲಿಲ್ಲ ಎನ್ನುವುದು ಮುಂದೆ ಬರುತ್ತದೆ. ಹೆಸರು ಬರೆದಿಲ್ಲ. ಒಬ್ಬ ಹೆಣ್ಣುಮಗಳು ಒಂಟಿಯಾಗಿ ನಡೆಸುವ, ಎರಡೇ ಮಂಚದ ಜಾಗ ಅದು. ಈಗಲೇ ಬೆಳಗಿನ ಹೊತ್ತು ಕೂರಲು ಕುರ್ಚಿ ಸಿಗುವುದಿಲ್ಲ. ಅಲ್ಲದೆ ಇದನ್ನು ಓದುವವರೆಲ್ಲ ಸಾಗರದವರಲ್ಲವಲ್ಲ. ನಿಮ್ಮೂರಿನಲ್ಲಿ ಯಾರ ಹತ್ತಿರ ಹೋಗಬೇಕು, ಹೋದ ಮೇಲೆ ಅವರು ಏನು ಮಾಡಿದರೆ ನಂಬಬೇಕು ಎಂದು ತಿಳಿಯಲು ಇದು ಉಪಯೋಗಕ್ಕೆ ಬಂದರೆ ಸಾಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಇದೆ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾದರೆ ಅಡಿಕೆ ಸುಲಿಯಲು ಜನ ಸಿಗುವುದು ಕಷ್ಟ. ಸುಲಿಯುವ ಯಂತ್ರ ನಮ್ಮ ಕಡೆಗೂ ಬಂದಿದೆ, ಆದರೆ ನಮ್ಮಂಥ ಸಣ್ಣ ತೋಟದವರ ಮನೆಯಲ್ಲಿ ಇನ್ನೂ ಹಲಗೆಗೆ ಅಲಗು ಕೂರಿಸಿದ ಮೆಟ್ಟುಕತ್ತಿಯೇ. ಹಲಗೆಯನ್ನು ಕಾಲಿನಡಿ ಒತ್ತಿ ಹಿಡಿದು, ಮುಂದಕ್ಕೆ ಬಗ್ಗಿ, ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸಿ, ಬೇಳೆಯನ್ನು ಎಡಕ್ಕೂ ಸಿಪ್ಪೆಯನ್ನು ಬಲಕ್ಕೂ ಹಾಕಬೇಕು. ಗಂಟೆಗೆ ನೂರಾರು ಸಲ ಸೊಂಟ ಅದೇ ಕೋನದಲ್ಲಿ ತಿರುಗುತ್ತದೆ. ರಾತ್ರಿ ಊಟವಾದ ಮೇಲೆ ನಾಲ್ಕು ಮನೆಯವರು ಸೇರಿ ಮಾತಾಡುತ್ತ ಸುಲಿಯುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಏಳುವಾಗ ತಿಳಿಯುತ್ತದೆ. ಕಳೆದ ಸುಗ್ಗಿಯಲ್ಲಿ ಹಾಗೆ ಏಳಲು ಹೋದಾಗ ಸೊಂಟ ಹಿಡಿದುಕೊಂಡಿತು. ಮರುದಿನ ನೋವು ಎಡಗಡೆ ಕುಂಡೆಯಿಂದ ತೊಡೆಯ ಹಿಂಭಾಗ, ಮೀನಖಂಡ, ಅಲ್ಲಿಂದ ಹೆಬ್ಬೆರಳವರೆಗೆ ಇಳಿಯಿತು. ಕೆಮ್ಮಿದರೆ ಕರೆಂಟು ಹೊಡೆದ ಹಾಗೆ.

ನಮ್ಮ ಕಡೆ ಸೊಂಟ ಹಿಡಿದರೆ ಸಲಹೆಗಳಿಗೆ ಬರವಿಲ್ಲ. ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರಿನ ಸ್ನಾನ, ತೆಂಗಿನೆಣ್ಣೆಗೆ ಕರ್ಪೂರ ಹಾಕಿ ತಿಕ್ಕುವುದು, ನೆಲದ ಮೇಲೆ ಚಾಪೆ ಹಾಸಿ ಮಲಗುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಳ್ಳುವುದು. ಬಿಸಿನೀರು, ಎಣ್ಣೆ ಹಿತ ಕೊಡುತ್ತವೆ. ಬಿಗಿದುಕೊಂಡ ಸ್ನಾಯು ಸಡಿಲವಾಗುತ್ತದೆ, ನಿದ್ದೆ ಬರುತ್ತದೆ. ಅದರಲ್ಲಿ ನನಗೆ ತಕರಾರಿಲ್ಲ, ಈಗಲೂ ಮಾಡುತ್ತೇನೆ. ತುಳಿಸಿಕೊಳ್ಳುವುದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಮುಟ್ಟು ನಿಂತ ಹೆಂಗಸರ ಮೂಳೆ ಒಳಗೊಳಗೇ ಟೊಳ್ಳಾಗಿರಬಹುದು. ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿಯಲು ದೊಡ್ಡ ಪೆಟ್ಟೇ ಬೇಕೆಂದಿಲ್ಲ. ಬಚ್ಚಲಲ್ಲಿ ಜಾರಿ ಕೂತರೂ ಸಾಕು, ಕೆಲವರಿಗೆ ಕೊಡಪಾನ ಎತ್ತಿದರೂ ಸಾಕು. ಅಂಥ ಬೆನ್ನಿನ ಮೇಲೆ ಇನ್ನೊಬ್ಬರು ಕಾಲಿಡುವುದೆಂದರೆ ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತದೆ.

ನಾನು ಮೊದಲು ಹೋದದ್ದು ಸರ್ಕಾರಿ ಆಸ್ಪತ್ರೆಯ ಡಾಕ್ಟರ ಹತ್ತಿರ. ಬಿಪಿ ಮಾತ್ರೆ ತಗೊಳ್ಳುತ್ತೇನೆ ಎಂದದ್ದಕ್ಕೆ ಅವರು ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿದರು. ಆಮೇಲೆ ಕೆಲವೇ ದಿನಕ್ಕೆ ನೋವಿನ ಮಾತ್ರೆ, ಜೊತೆಗೆ ಹೊಟ್ಟೆಗೆ ಒಂದು ಮಾತ್ರೆ ಬರೆದು, "ಇದು ನೋವು ತಡೆಯೋದಕ್ಕೆ ಅಷ್ಟೇ ಟೀಚರ್, ಫಿಸಿಯೋ ಹತ್ರ ಹೋಗಿ" ಎಂದರು. ಇದನ್ನು ಹೇಳಲು ಕಾರಣ ಇದೆ. ನಮ್ಮೂರಿನಲ್ಲಿ ಮೆಡಿಕಲ್ ಶಾಪಿಗೆ ಹೋಗಿ "ಸೊಂಟ ನೋವಿಗೆ ಕೊಡಿ" ಎಂದು ಕೇಳಿ ತಿಂಗಳುಗಟ್ಟಲೆ ನುಂಗುವವರು ತುಂಬ ಜನ. ಡೈಕ್ಲೋಫೆನಾಕ್‌ನಂಥ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು, ಕಿಡ್ನಿಗೆ ಪೆಟ್ಟು ಕೊಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು.

ಇನ್ನು ಕ್ಲಿನಿಕ್ಕಿನ ವಿಷಯ. ಮೊದಲ ಭೇಟಿಗೆ 500 ರೂಪಾಯಿ, ಆಮೇಲೆ ಪ್ರತಿ ಸಲ 300. ಮೊದಲ ದಿನದ 500ರಲ್ಲೇ ನನ್ನ ಮಟ್ಟಿಗೆ ಅವರ ಯೋಗ್ಯತೆ ಗೊತ್ತಾಯಿತು. ಮುಕ್ಕಾಲು ಗಂಟೆ ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಕೇಳಿದರು, ಕೇಳಿದ್ದನ್ನು ಬರೆದುಕೊಂಡರು.

ಕೇಳಿದ ಪ್ರಶ್ನೆಗಳು ಹೀಗಿದ್ದವು. ಬಿದ್ದಿದ್ದೀರಾ? ರಾತ್ರಿ ಮಲಗಿದರೂ ಒಂದೇ ಸಮನೆ ನೋಯುತ್ತದೆಯಾ, ಮಗ್ಗುಲು ಬದಲಿಸಿದರೆ ಕಡಿಮೆಯಾಗುತ್ತದೆಯಾ? ಸಂಜೆ ಹೊತ್ತು ಜ್ವರ, ಬೆವರು? ಕಾರಣವಿಲ್ಲದೆ ತೂಕ ಇಳಿದಿದೆಯಾ? ಹಿಂದೆ ಕ್ಯಾನ್ಸರ್ ಆಗಿತ್ತಾ? ಉಬ್ಬಸಕ್ಕೋ ಸಂಧಿವಾತಕ್ಕೋ ಬಹಳ ಕಾಲ ಸ್ಟೀರಾಯ್ಡ್ ತಗೊಂಡಿದ್ದೀರಾ? ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಮೂತ್ರ ಸರಿಯಾಗಿ ಹೋಗ್ತಿದ್ಯಾ? ಕಟ್ಟಿದ ಹಾಗೆ, ಇಲ್ಲಾ ಗೊತ್ತಾಗದೆ ಹೋದ ಹಾಗೆ ಏನಾದ್ರೂ? ಕೂತಾಗ ನೆಲ ತಾಗೋ ಜಾಗದಲ್ಲಿ ಜೋಮು ಹಿಡಿದ ಹಾಗೆ ಇದ್ಯಾ?" ಎಂದರು. ಇಂಥ ಪ್ರಶ್ನೆಯನ್ನು ಎಷ್ಟೋ ಕಡೆ ಕೇಳುವುದೇ ಇಲ್ಲ, ಕೇಳಿದರೂ ನಮ್ಮ ಹೆಂಗಸರು ನಾಚಿ ಇಲ್ಲ ಎಂದುಬಿಡುತ್ತಾರೆ. ಈ ಹುಡುಗಿ ಪರದೆ ಎಳೆದು, ನನ್ನ ಮುಖ ನೋಡಿ, ಉತ್ತರ ಬರುವವರೆಗೆ ಕಾದರು. ಯಾಕೆ ಕೇಳಿದೆ ಅಂತಲೂ ಹೇಳಿದರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದು, ಅಲ್ಲಿಂದ ಕೆಳಗೆ ನರಗಳು ಗೊಂಚಲಾಗಿ ಇಳಿಯುತ್ತವೆ. ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ದೊಡ್ಡದಾಗಿ ಜರುಗಿ ಆ ಗೊಂಚಲನ್ನೇ ಅಮುಕಿದರೆ ಮೂತ್ರ, ಮಲ, ತೊಡೆಸಂದಿಯ ಸ್ಪರ್ಶ, ಎರಡೂ ಕಾಲಿನ ಬಲ ಎಲ್ಲಕ್ಕೂ ಕುತ್ತು. ಆಗ ಗಂಟೆಗಳ ಲೆಕ್ಕ. ತಡಮಾಡಿದರೆ ಆಪರೇಷನ್ ಆದ ಮೇಲೂ ಮೂತ್ರದ ಹಿಡಿತ ಮರಳಿ ಬರದೇ ಹೋಗಬಹುದು. "ಹಾಗೇನಾದ್ರೂ ಆದ್ರೆ ನಂಗೆ ಫೋನ್ ಮಾಡ್ತಾ ಕೂರಬೇಡಿ. 108ಕ್ಕೆ ಮಾಡಿ, ಶಿವಮೊಗ್ಗಕ್ಕೆ ಹೋಗಿ" ಎಂದರು.

ತನ್ನ ಹತ್ತಿರ ಯಾವಾಗ ಬರಬಾರದು ಎಂದು ದುಡ್ಡು ತಗೊಳ್ಳುವ ಮೊದಲೇ ಹೇಳುವವರನ್ನು ನಾನು ನಂಬುತ್ತೇನೆ.

ಆಮೇಲೆ ಪರೀಕ್ಷೆ. ಹಿಮ್ಮಡಿಯ ಮೇಲೆ ನಡೆಸಿದರು, ತುದಿಬೆರಳ ಮೇಲೆ ನಡೆಸಿದರು. ನನ್ನ ಕಾಲಿನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು "ಮೇಲಕ್ಕೆ ಎತ್ತಿ, ನಾನು ಒತ್ತಿದ್ರೂ ಬಿಡಬೇಡಿ" ಎಂದರು. ಬಲಗಾಲಿನಲ್ಲಿ ಹೇಗೆ ತಡೆದೆನೋ ಎಡಗಾಲಿನಲ್ಲೂ ಹಾಗೇ ತಡೆದೆ. ಅವರ ಮುಖದಲ್ಲಿ ಸಮಾಧಾನ ಕಂಡಿತು. ಆ ಬೆರಳು ಸೋತರೆ, ನಡೆಯುವಾಗ ಪಾದ ನೆಲಕ್ಕೆ ಎಳೆದರೆ, ನರದ ಕೆಲಸವೇ ಕುಂದಿದೆ ಎಂದರ್ಥ; ಆಗ ವ್ಯಾಯಾಮ ಮಾಡುತ್ತ ಕೂರುವಂತಿಲ್ಲ, ತಜ್ಞರು ನೋಡಬೇಕು. ಹತ್ತಿಯಿಂದ ಎರಡೂ ಪಾದ ಸವರಿ ಎಲ್ಲಿ ಮಂದವಾಗಿದೆ ಎಂದು ಕೇಳಿದರು. ಸಣ್ಣ ಸುತ್ತಿಗೆಯಿಂದ ಮಂಡಿಗೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ತಟ್ಟಿದರು. ಅಂಗಾತ ಮಲಗಿಸಿ ಮಂಡಿ ಮಡಿಸದೆ ಕಾಲೆತ್ತಿದಾಗ ಎಡಗಾಲು ಅರ್ಧಕ್ಕೆ ಬರುವಷ್ಟರಲ್ಲಿ ಮೀನಖಂಡದವರೆಗೆ ಸೆಳೆಯಿತು. ಕೊನೆಗೆ ಬೋರಲು ಮಲಗಿಸಿ ಬೆನ್ನುಮೂಳೆಯ ಒಂದೊಂದೇ ಗಂಟನ್ನು ಮುಷ್ಟಿಯಿಂದ ಮೆಲ್ಲಗೆ ತಟ್ಟುತ್ತ ಬಂದರು. ಒಂದೇ ಜಾಗದಲ್ಲಿ ಜೀವ ಹೋಗುವಂಥ ನೋವಿದ್ದರೆ ಮೂಳೆ ಮುರಿತವೋ ಸೋಂಕೋ ಇರಬಹುದೆಂದು ಹಾಗೆ ನೋಡುತ್ತಾರಂತೆ. ನನಗೆ ಹಾಗೇನೂ ಇರಲಿಲ್ಲ.

ಎಂಆರ್‌ಐ ಮಾಡಿಸಬೇಕಾ ಎಂದು ಕೇಳಿದೆ. ಬೆಂಗಳೂರಿನಲ್ಲಿರುವ ಮಗ ಅದನ್ನೇ ಹೇಳುತ್ತಿದ್ದ. ಈಗ ಬೇಡ ಎಂದರು, ಬಲ ಕುಂದಿಲ್ಲ, ಜ್ವರವಿಲ್ಲ, ಬಿದ್ದಿಲ್ಲ. ಆರು ವಾರ ನೋಡೋಣ, ಅಷ್ಟರಲ್ಲಿ ಇಳಿಯದಿದ್ದರೆ ಅಥವಾ ಹೆಚ್ಚಾದರೆ ಆರ್ಥೋ ಡಾಕ್ಟರ್ ಬರೆದುಕೊಡಲಿ. ನಾನು ಮನೆಗೆ ಬಂದು ಇದನ್ನು ಓದಿ ನೋಡಿದೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿದ್ದಾರೆ. ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಜನರಿಗೆ ಡಿಸ್ಕ್ ಸವೆದದ್ದು ಕಾಣುತ್ತದೆ. ಐವತ್ತರವರಲ್ಲಿ ಅದು 80, ಎಂಬತ್ತರವರಲ್ಲಿ 96. ಡಿಸ್ಕ್ ಉಬ್ಬಿದ್ದು ಐವತ್ತರವರಲ್ಲಿ ನೂರಕ್ಕೆ 60. ಇವರಾರಿಗೂ ನೋವಿಲ್ಲ! ಅಂದರೆ ನನ್ನ ವಯಸ್ಸಿನವರಿಗೆ ಸ್ಕ್ಯಾನ್ ಮಾಡಿಸಿದರೆ ವರದಿಯಲ್ಲಿ "ಡಿಸ್ಕ್ ಸವೆದಿದೆ, ಉಬ್ಬಿದೆ" ಎಂದು ಬರುವ ಸಾಧ್ಯತೆಯೇ ಹೆಚ್ಚು. ಅದನ್ನು ಓದಿ ಮನುಷ್ಯ ಅರ್ಧ ಸಾಯುತ್ತಾನೆ. ನಮ್ಮ ಬೀದಿಯಲ್ಲೇ ಒಬ್ಬರು ಆ ವರದಿ ಬಂದಂದಿನಿಂದ ಬಗ್ಗುವುದನ್ನೇ ಬಿಟ್ಟಿದ್ದಾರೆ, ಚಪ್ಪಲಿ ಹಾಕಲು ಮೊಮ್ಮಗ ಬೇಕು. ಸ್ಕ್ಯಾನ್ ಬೇಡವೆಂದಲ್ಲ. ಆಪರೇಷನ್ ಬೇಕೇ ಬೇಡವೇ ಎನ್ನುವ ಹಂತದಲ್ಲಿ, ಬಲ ಕುಂದಿದಾಗ, ಸೋಂಕು ಅಥವಾ ಗೆಡ್ಡೆಯ ಅನುಮಾನ ಬಂದಾಗ ಅದರಂಥ ಸಾಧನ ಇನ್ನೊಂದಿಲ್ಲ. ಸುಮ್ಮನೆ ಸಮಾಧಾನಕ್ಕೆ ಮಾಡಿಸಿದರೆ ಸಮಾಧಾನವೇ ಹೋಗುತ್ತದೆ.

ಯಂತ್ರಗಳ ಬಗ್ಗೆ ಬರೆಯಲೇಬೇಕು. ಫಿಸಿಯೋಥೆರಪಿ ಎಂದರೆ ನಮ್ಮ ಜನರಿಗೆ ಕರೆಂಟು ಕೊಡುವುದು, ಅಲ್ಟ್ರಾಸೌಂಡ್ ಉಜ್ಜುವುದು, ಸೊಂಟಕ್ಕೆ ಪಟ್ಟಿ ಬಿಗಿದು ಟ್ರಾಕ್ಷನ್ ಎಳೆಯುವುದು. ಹತ್ತು ಸಿಟ್ಟಿಂಗ್ ಪ್ಯಾಕೇಜ್ ಎಂದು ಮೊದಲೇ ದುಡ್ಡು ಕಟ್ಟಿಸಿಕೊಂಡು, ಯಂತ್ರ ಅಂಟಿಸಿ, ಅರ್ಧ ಗಂಟೆ ಬಿಟ್ಟು ಬಂದು ತೆಗೆಯುವ ಜಾಗಗಳೂ ಇವೆ; ನನ್ನ ನಾದಿನಿ ಬೇರೆ ಊರಿನಲ್ಲಿ ಅಂಥದ್ದೊಂದಕ್ಕೆ ಹೋಗಿ ಬಂದವಳು. ಅವಳ ಬೆನ್ನನ್ನು ಕೈಯಿಟ್ಟು ಮುಟ್ಟಿ ನೋಡಿದವರೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಟ್ರಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ, ಕರೆಂಟು ಕೊಡುವ ಟೆನ್ಸ್ ಯಂತ್ರ, ಸೊಂಟದ ಬೆಲ್ಟು ಇವನ್ನು ಬೇಡ ಎನ್ನುವ ಪಟ್ಟಿಗೆ ಹಾಕಿದ್ದಾರೆ. ಮಾಡಿ ಎಂದದ್ದು ನೋವಿನ ಬಗ್ಗೆ ರೋಗಿಗೆ ಸರಿಯಾಗಿ ತಿಳಿಹೇಳುವುದು, ವ್ಯಾಯಾಮ, ಮಸಾಜು ಮತ್ತು ಕೈಯಿಂದ ಮಾಡುವ ಕೆಲವು ಚಿಕಿತ್ಸೆ, ನೋವಿನ ಭಯ ಕಳೆಯುವ ಮನಶ್ಶಾಸ್ತ್ರೀಯ ನೆರವು. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನಕ್ಕೆ ಸೊಂಟ ನೋವಿತ್ತು, 2050ರ ಹೊತ್ತಿಗೆ 84.3 ಕೋಟಿ ಆಗಬಹುದು ಎಂದು ಅದೇ ಸಂಸ್ಥೆಯ ಅಂಕಿಅಂಶ. ಇಷ್ಟು ಜನಕ್ಕೆ ಬಂದ ನೋವಿಗೆ ಯಂತ್ರ ಮಾರುವವರು ಸುಮ್ಮನಿರುತ್ತಾರಾ?

ಈ ಕ್ಲಿನಿಕ್ಕಿನಲ್ಲೂ ಒಂದು ಕರೆಂಟಿನ ಯಂತ್ರ ಇದೆ. ಕೇಳಿದವರಿಗೆ ಹಚ್ಚುತ್ತಾರೆ. ನಾನು ಕೇಳಿದಾಗ, "ಹಚ್ಚಿದಾಗ ಹಾಯ್ ಅನ್ಸುತ್ತೆ ಅಮ್ಮಾ, ಆದ್ರೆ ನೀವು ಮನೇಲಿ ಮಾಡೋ ವ್ಯಾಯಾಮಕ್ಕೆ ಅದು ಬದಲಿ ಅಲ್ಲ" ಎಂದರು. ನನಗೆ ಒಂದು ದಿನವೂ ಹಚ್ಚಲಿಲ್ಲ, ಬಿಲ್ಲಿಗೂ ಸೇರಿಸಲಿಲ್ಲ.

ಬೆಲ್ಟಿನ ಬಗ್ಗೆಯೂ ಎರಡು ಮಾತು. ಮಗ ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದ, ಸಾವಿರದ ಹತ್ತಿರ ಬೆಲೆ. ಒಳಗೆ ಕಬ್ಬಿಣದ ಪಟ್ಟಿ, ಮೇಲೆ ಅಂಟುವ ಪಟ್ಟಿ. ಹೊಲಿಗೆ ಗಟ್ಟಿಯಾಗಿದೆ, ಆದರೆ ನಮ್ಮ ಸೆಕೆಗೆ ಬೆವರಿ ಚರ್ಮ ಕೆಂಪಾಗುತ್ತದೆ, ಕೂತರೆ ಮೇಲಕ್ಕೆ ಸರಿದು ಪಕ್ಕೆಲುಬಿಗೆ ಒತ್ತುತ್ತದೆ. ಬಸ್ಸಿನಲ್ಲಿ ಕುಲುಕಾಡುತ್ತ ಹೋಗುವ ದಿನ ಧೈರ್ಯ ಕೊಟ್ಟಿತು, ನಿಜ. ದಿನವಿಡೀ ಕಟ್ಟಿಕೊಂಡೇ ಇರಬೇಡಿ, ನಿಮ್ಮ ಸ್ನಾಯು ಕೆಲಸ ಮಾಡಲಿ ಎಂದು ಇವರು ಹೇಳಿದ ಮೇಲೆ ಈಗ ಅದು ಕಪಾಟಿನಲ್ಲಿದೆ. ಅದಕ್ಕಿಂತ 250 ರೂಪಾಯಿಯ ರಬ್ಬರಿನ ಬಿಸಿನೀರಿನ ಚೀಲ ಹೆಚ್ಚು ಉಪಯೋಗಕ್ಕೆ ಬಂತು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು ಮಾತ್ರ ಟವೆಲ್ ಸುತ್ತದೆ ಇಟ್ಟುಕೊಳ್ಳಬಾರದು, ಸುಟ್ಟದ್ದೇ ಗೊತ್ತಾಗುವುದಿಲ್ಲ. ನೆಲದ ಮೇಲೆ ಮಲಗುವ ವಿಚಾರಕ್ಕೆ ಬಂದರೆ, 2003ರಲ್ಲಿ ಸ್ಪೇನಿನಲ್ಲಿ 313 ಜನರ ಮೇಲೆ ನಡೆದ ಪ್ರಯೋಗದಲ್ಲಿ ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ನೋವು ಹೆಚ್ಚು ಇಳಿಯಿತು. ನಾನು ಹತ್ತಿಯ ಹಾಸಿಗೆಗೇ ಮರಳಿದೆ, ಮಗ್ಗುಲಾಗಿ ಮಲಗಿ ಎರಡು ಮಂಡಿಗಳ ನಡುವೆ ಒಂದು ದಿಂಬು.

ವ್ಯಾಯಾಮ ಎಂದರೆ ಏನೇನೋ ಇರುತ್ತದೆಂದು ಹೋದವಳಿಗೆ ಮೊದಲ ವಾರ ಹೇಳಿಕೊಟ್ಟದ್ದು ಎರಡೇ. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು, ಆಮೇಲೆ ನಡೆಯುವುದು. ಬೋರಲು ಮಲಗಿ ಎದೆ ಎತ್ತಿದಾಗ ಕಾಲಿನ ನೋವು ಮೀನಖಂಡದಿಂದ ತೊಡೆಗೆ, ತೊಡೆಯಿಂದ ಕುಂಡೆಗೆ ಹತ್ತಿದರೆ ಒಳ್ಳೆಯ ಲಕ್ಷಣ, ಸೊಂಟದಲ್ಲಿ ಸ್ವಲ್ಪ ಹೆಚ್ಚಾದರೂ ಹೆದರಬೇಡಿ. ಪಾದದ ಕಡೆಗೆ ಇಳಿದರೆ ನಿಲ್ಲಿಸಿ ಎಂದರು. ಕೆಲವರಿಗೆ ಇದು ಆಗುವುದಿಲ್ಲ, ಅಂಥವರಿಗೆ ಮಂಡಿ ಎದೆಗೆ ತರುವುದು ಹಿತ. ಆದ್ದರಿಂದ ಯೂಟ್ಯೂಬ್ ನೋಡಿ ಮಾಡುವ ಬದಲು ಯಾರಾದರೂ ನೋಡಿ ಹೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಮುಂದಕ್ಕೆ ಬಗ್ಗುವ ಕೆಲಸ ಬೇಡ ಎಂದರು. ರಾತ್ರಿ ಡಿಸ್ಕು ನೀರು ಹೀರಿ ಉಬ್ಬಿರುತ್ತದೆ. ಹಾಗಾಗಿ ಅಂಗಳ ಗುಡಿಸುವುದು, ಕೊಟ್ಟಿಗೆ ಬಾಚುವುದು ಒಂದು ಗಂಟೆ ತಡ.

ನೋವು ತೊಡೆಯಿಂದ ಮೇಲೆ ಸರಿದ ಮೇಲೆ ಬೇರೆ ವ್ಯಾಯಾಮ ಬಂತು. ಅಂಬೆಗಾಲಿನಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಕೆಲವು ಸೆಕೆಂಡು ನಿಲ್ಲುವುದು, ಆಮೇಲೆ ಅದಲುಬದಲು. ನೋಡಲು ಸುಲಭ. ನಾನು ಮಾಡುವಾಗ ಅವರು ನನ್ನ ಸೊಂಟದ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟರು! "ಇದು ಚೆಲ್ಲಬಾರದು." ಮೊದಲ ಸಲ ಬೆನ್ನೆಲ್ಲ ಒದ್ದೆ. ಲೋಟ ಅಲುಗದ ಹಾಗೆ ಮಾಡಲು ಹೊಟ್ಟೆಯ ಒಳಸ್ನಾಯುಗಳನ್ನು ಹೇಗೆ ಬಿಗಿಹಿಡಿಯಬೇಕು ಎನ್ನುವುದು ಯಾವ ಮಾತಿನಿಂದಲೂ ತಿಳಿಯದೆ ಆ ಲೋಟದಿಂದ ತಿಳಿಯಿತು. ಈಗಲೂ ಮನೆಯಲ್ಲಿ ಹಾಗೇ ಮಾಡುತ್ತೇನೆ.

ನನಗೆ ತುಂಬ ಹಿಡಿಸಿದ ಇನ್ನೊಂದು ವಿಷಯ, ಕೆಲಸ ಬಿಡಿ ಎಂದು ಅವರು ಹೇಳಲಿಲ್ಲ. ಸುಗ್ಗಿಯಲ್ಲಿ ಅಡಿಕೆ ಸುಲಿಯಬೇಡಿ ಎಂದರೆ ಯಾರು ಕೇಳುತ್ತಾರೆ? ಮೆಟ್ಟುಕತ್ತಿಯ ಫೋಟೋ ತರಿಸಿಕೊಂಡು ನೋಡಿದರು. ಹಲಗೆಯನ್ನು ಎತ್ತರದ ಬೆಂಚಿಗೆ ಬಿಗಿದು ಕುರ್ಚಿಯ ಮೇಲೆ ಕೂತು ಸುಲಿಯುವ ಹಾಗೆ ಮಾಡಿಸಿ, ಅರ್ಧ ಗಂಟೆಗೊಮ್ಮೆ ಎದ್ದು ಹಿಂದಕ್ಕೆ ಬಾಗಿ, ಅಡಿಕೆ ಬುಟ್ಟಿ ತುಂಬಿಸಬೇಡಿ, ಅರ್ಧರ್ಧ ಮಾಡಿ ಎತ್ತಿ, ಬುಟ್ಟಿ ಮೈಗೆ ತಾಗಿರಲಿ ಎಂದರು. ನಮ್ಮ ಆಚಾರಿ ಒಂದು ಮಧ್ಯಾಹ್ನದಲ್ಲಿ ಬೆಂಚು ಮಾಡಿಕೊಟ್ಟರು. ಮೊದಮೊದಲು ಕೈ ಓಡಲಿಲ್ಲ, ಪಕ್ಕದವರು ಎರಡು ಬುಟ್ಟಿ ಮುಗಿಸುವಾಗ ನನ್ನದು ಒಂದು. ಈಗ ನನ್ನ ಬೆಂಚು ನೋಡಿ ಇನ್ನೆರಡು ಮನೆಯಲ್ಲಿ ಮಾಡಿಸಿದ್ದಾರೆ. ದಿನಗಟ್ಟಲೆ ಮಲಗಿ ವಿಶ್ರಾಂತಿ ಮಾಡುವುದರಿಂದ ಸೊಂಟ ನೋವು ಬೇಗ ಹೋಗುವುದಿಲ್ಲ, ಇನ್ನೂ ಬಿಗಿಯುತ್ತದೆ. ತೀರ ತಡೆಯಲಾಗದಿದ್ದರೆ ಒಂದೆರಡು ದಿನ, ಅಷ್ಟೇ. ಹೆಚ್ಚಿನವರ ನೋವು ಆರು ವಾರದೊಳಗೆ ಬಹುಪಾಲು ಇಳಿಯುತ್ತದೆ. ಕಾಲಿಗೆ ಇಳಿದ ನೋವು ಇನ್ನಷ್ಟು ಸಮಯ ಕೇಳಬಹುದು, ನನಗೂ ಕೇಳಿತು.

ಈ ಕ್ಲಿನಿಕ್ಕಿನ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ನನ್ನ ಬೆನ್ನಲ್ಲ, ನಮ್ಮ ಭಾವನ ಮಗನ ಬೆನ್ನು. ಮೂವತ್ತರ ಆಸುಪಾಸಿನ ಹುಡುಗ, ಲಾರಿಗೆ ಲೋಡ್ ಮಾಡುವ ಕೆಲಸ. ನನಗೆ ಕಡಿಮೆಯಾದದ್ದು ನೋಡಿ ತನಗೂ ವ್ಯಾಯಾಮ ಹೇಳಿಸಿ ಎಂದು ಜೊತೆಗೆ ಬಂದ. ಹಲವು ತಿಂಗಳಿನ ಬೆನ್ನು ನೋವು, ಭಾರ ಎತ್ತುವುದಕ್ಕೇ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವನಿಗೂ ಅದೇ ಪ್ರಶ್ನೆಗಳು. ಸಂಜೆ ಮೈ ಬೆಚ್ಚಗಾಗುವುದು ಹೌದು. ರಾತ್ರಿ ಬೆವರು ಹೌದು. ಪ್ಯಾಂಟು ಸಡಿಲವಾಗಿದೆ, ಬೆಲ್ಟಿಗೆ ಹೊಸ ತೂತು ಹಾಕಿಸಿದ್ದ. ಬೆನ್ನ ನಡುವಿನ ಒಂದು ಗಂಟಿಗೆ ಮುಷ್ಟಿ ತಾಗಿಸಿದ್ದೇ ಅವನು ಅಮ್ಮಾ ಎಂದು ಚೀರಿದ. ಅವರು ಅಲ್ಲಿಗೇ ನಿಲ್ಲಿಸಿದರು. ವ್ಯಾಯಾಮ ಹೇಳಲಿಲ್ಲ, ದುಡ್ಡೂ ತಗೊಳ್ಳಲಿಲ್ಲ. ಒಂದು ಚೀಟಿಯಲ್ಲಿ ಕಂಡದ್ದನ್ನೆಲ್ಲ ಬರೆದು, "ಇವತ್ತೇ ಹೋಗಿ, ಭಾರ ಎತ್ತಬೇಡಿ, ಯಾರ ಕೈಲೂ ಬೆನ್ನು ಒತ್ತಿಸ್ಕೋಬೇಡಿ" ಎಂದು 70 ಕಿಲೋಮೀಟರ್ ದೂರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗೊತ್ತಾದದ್ದು ಬೆನ್ನುಮೂಳೆಯ ಕ್ಷಯ.

ಕ್ಷಯ ಎಂದರೆ ಕೆಮ್ಮು, ಶ್ವಾಸಕೋಶ ಅಷ್ಟೇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಬೆನ್ನುಮೂಳೆಗೂ ಹತ್ತುತ್ತದೆ. 1779ರಲ್ಲೇ ಪರ್ಸಿವಲ್ ಪಾಟ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಇದನ್ನು ವಿವರಿಸಿದ್ದರಿಂದ ಪಾಟ್ ಕಾಯಿಲೆ ಎಂದೂ ಕರೆಯುತ್ತಾರೆ. ಮೂಳೆ ಕರಗಿ ಬೆನ್ನು ಗೂನಾಗಬಹುದು, ಕೀವು ಬೆನ್ನುಹುರಿಗೆ ಒತ್ತಿ ಕಾಲಿನ ಬಲ ಹೋಗಬಹುದು. ಬೇಗ ಸಿಕ್ಕರೆ ಮಾತ್ರೆಯಲ್ಲೇ ಗುಣವಾಗುವ ಕಾಯಿಲೆ. ಮಾತ್ರೆ ಸರ್ಕಾರದಿಂದ ಪುಕ್ಕಟೆ, ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ಪೌಷ್ಟಿಕ ಊಟಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಬ್ಯಾಂಕ್ ಖಾತೆಗೆ ದುಡ್ಡು ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾದದ್ದು 2024ರ ನವೆಂಬರಿನಿಂದ 1000 ಆಗಿದೆ. ಹುಡುಗ ಈಗ ಮೈ ತುಂಬಿಕೊಂಡಿದ್ದಾನೆ. ಆ ದಿನ ಅವನ ಬೆನ್ನಿಗೂ ಕರೆಂಟಿನ ಪ್ಯಾಡು ಅಂಟಿಸಿ, ಮೇಲಿಂದ ಗಟ್ಟಿಯಾಗಿ ಒತ್ತಿದ್ದರೆ ಏನಾಗುತ್ತಿತ್ತೋ ಎಂದು ನನ್ನ ಓರಗಿತ್ತಿ ಈಗಲೂ ಕೈಮುಗಿಯುತ್ತಾಳೆ.

ಹರೆಯದವರ ಬಗ್ಗೆ ಇನ್ನೊಂದು ಮಾತನ್ನು ಅವರಿಂದಲೇ ಕಲಿತೆ. ನಲವತ್ತರೊಳಗಿನವರಿಗೆ ಮೆಲ್ಲಗೆ ಶುರುವಾಗಿ ಮೂರು ತಿಂಗಳು ದಾಟಿದ ಸೊಂಟ ನೋವು, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದಿರುವುದು, ಕೂತರೆ ಮಲಗಿದರೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವುದು, ರಾತ್ರಿಯ ಎರಡನೇ ಅರ್ಧದಲ್ಲಿ ನೋವಿಗೆ ಎಚ್ಚರವಾಗುವುದು ಇವೆಲ್ಲ ಇದ್ದರೆ ಅದು ಉಳುಕಲ್ಲ, ಬೆನ್ನಿನ ಸಂಧಿವಾತ ಇರಬಹುದು. ಅದಕ್ಕೆ ಸಂಧಿವಾತದ ತಜ್ಞರೇ ಬೇಕು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕಂಪ್ಯೂಟರ್ ಕೆಲಸದವರು ತುಂಬ ಜನ. ಕುರ್ಚಿ ಬದಲಿಸಿ ಬದಲಿಸಿ ವರ್ಷ ಕಳೆಯುವವರು ಇದನ್ನು ಗಮನಿಸಲಿ.

ಇನ್ನು ಕೊರತೆಗಳು. ಕ್ಲಿನಿಕ್ ಇರುವುದು ಮಹಡಿಯ ಮೇಲೆ. ಮೆಟ್ಟಿಲು ಕಡಿದು, ಕಿರಿದು, ಒಂದು ಪಕ್ಕ ಮಾತ್ರ ಕಂಬಿ. ಸೊಂಟ ಹಿಡಿದವರು, ಮಂಡಿ ನೋವಿನವರು ಬರುವ ಜಾಗ ಇದು! ಮಳೆಗಾಲದಲ್ಲಿ ಒದ್ದೆ ಚಪ್ಪಲಿಯಲ್ಲಿ ಹತ್ತುವಾಗ ನಮ್ಮನೆಯವರು ಹಿಂದೆಯೇ ನಿಂತಿರಬೇಕಾಗುತ್ತಿತ್ತು. ಕೆಳಗೆ ಬಾಡಿಗೆ ಜಾಸ್ತಿ ಎಂದರು; ಅವರ ಕಷ್ಟ ಅರ್ಥವಾಗುತ್ತದೆ, ಆದರೆ ಇನ್ನೊಂದು ಪಕ್ಕಕ್ಕೆ ಕಂಬಿ ಹಾಕಿಸಲು ಕಟ್ಟಡದವರನ್ನು ಒತ್ತಾಯಿಸಲೇಬೇಕು. ಎರಡನೆಯದು, ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿದೆ. ನನಗೆ ತೊಂದರೆಯಿಲ್ಲ, ನನ್ನ ಪಕ್ಕ ಕೂತಿದ್ದ ತಾಳಗುಪ್ಪದ ಅಜ್ಜಿಗೆ? ನಾನೇ ಕೂತು ಕನ್ನಡದಲ್ಲಿ ಬರೆದು, ಚಿತ್ರ ಹಾಕಿ ಕೊಟ್ಟಿದ್ದೇನೆ. ಈಗ ಅದರ ಜೆರಾಕ್ಸ್ ಕೊಡುತ್ತಿದ್ದಾರೆ. ಮೂರನೆಯದು, ಅಪಾಯಿಂಟ್‌ಮೆಂಟ್ ಹತ್ತಕ್ಕೆ ಎಂದರೆ ಹನ್ನೊಂದು ಆಗುತ್ತದೆ. ಒಬ್ಬೊಬ್ಬರಿಗೂ ಅಷ್ಟು ಹೊತ್ತು ಕೊಡುವುದರಿಂದಲೇ ಹಾಗಾಗುತ್ತದೆ, ಆದರೂ ಹಳ್ಳಿಯಿಂದ ಬಸ್ಸಿಗೆ ಬಂದವರಿಗೆ ಮಧ್ಯಾಹ್ನದ ಬಸ್ಸು ತಪ್ಪುತ್ತದೆ.

ದುಡ್ಡಿನ ಮಾತು: ನನಗೆ ಪಿಂಚಣಿ ಇದೆ, 300 ರೂಪಾಯಿ ಕೊಡಬಹುದು. ಒಂದು ದಿನದ ಕೂಲಿಯನ್ನೇ ಇಲ್ಲಿ ಇಟ್ಟು ಹೋಗುವವರಿಗೆ ವಾರದಲ್ಲಿ ಹಲವು ಸಲ ಬನ್ನಿ ಎನ್ನುವುದು ಕಷ್ಟ. ಇವರು ಅಂಥವರನ್ನು ಹದಿನೈದು ದಿನಕ್ಕೊಮ್ಮೆ ಕರೆಸಿ, ನಡುವೆ ಫೋನಿನಲ್ಲೇ ವಿಚಾರಿಸುತ್ತಾರೆ. ನೀವು ಹೋಗುವ ಕಡೆ ಹೀಗೆ ಕೇಳಿ ನೋಡಿ. ಪ್ಯಾಕೇಜು ಮಾತ್ರವೇ ಎಂದರೆ ಬೇರೆ ಕಡೆ ನೋಡಿ. ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಪದವಿ, ಓದಿದವರೇ ಎಂದು ಕೇಳುವುದಕ್ಕೂ ಸಂಕೋಚ ಬೇಡ.

ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹಳೆಯ ಎಕ್ಸ್‌ರೇ, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಇಟ್ಟುಕೊಳ್ಳಿ, ಔಷಧದ ಅಂಗಡಿಯಲ್ಲಿ ಕೇಳಿ ತಂದದ್ದನ್ನೂ ಸೇರಿಸಿ. ಹೆಂಗಸರು ಸೀರೆಗಿಂತ ಸಡಿಲವಾದ ಚೂಡಿದಾರ ಹಾಕಿಕೊಂಡು ಹೋದರೆ ಪರೀಕ್ಷೆ ಸಲೀಸು. ನೋವು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಯಾವಾಗ ಹೆಚ್ಚು ಎಂದು ಮನೆಯಲ್ಲೇ ಬರೆದುಕೊಂಡು ಹೋಗಿ. ಮೂತ್ರದ ಪ್ರಶ್ನೆ ಕೇಳಿದರೆ ನಾಚದೆ ಉತ್ತರ ಕೊಡಿ. ಅವರು ಕೇಳದಿದ್ದರೆ ನೀವೇ ಹೇಳಿ.